ನನ್ನ ಜಾಗದಲ್ಲಿ ಇಟ್ಟ ಕಲ್ಲು

ಕಳೆದ ಭಾನುವಾರ ನಮ್ಮ ಪಡಸಾಲೆಯಲ್ಲಿ ನಾಲ್ಕು ಮಂದಿ ಕೂತಿದ್ದೆವು: ನಾನು, ನನ್ನ ಅಳಿಯ, ಅವನ ಮಗಳು, ಎದುರುಮನೆಯ ವೈಜಿನಾಥರಾಯರು. ಟಿ.ವಿ.ಯಲ್ಲಿ ಕ್ರಿಕೆಟ್ ನಡೆದಿತ್ತು. ನಮ್ಮ ಪೈಕಿ ಆಟ ಅರ್ಥವಾಗುವುದು ಮೊಮ್ಮಗಳೊಬ್ಬಳಿಗೆ. ಉಳಿದ ಮೂವರು ಅವಳು ಚಪ್ಪಾಳೆ ತಟ್ಟಿದಾಗ ತಟ್ಟುವವರು. ಅವತ್ತು ಅವಳು ತಟ್ಟಲೇ ಇಲ್ಲ. ಹೋದ ವರ್ಷದವರೆಗೆ ಅವಳ ತಂಡದಲ್ಲಿದ್ದ ಆಟಗಾರನೊಬ್ಬ ಈ ವರ್ಷ ಎದುರಾಳಿಗಳ ಅಂಗಿ ತೊಟ್ಟು ಬಂದಿದ್ದ. ಅವನು ಚೆಂಡನ್ನು ಬೌಂಡರಿ ದಾಟಿಸಿದಾಗಲೆಲ್ಲ ಹುಡುಗಿ ದಿಂಬಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

ವೈಜಿನಾಥರಾಯರು ಅಡಿಕೆ ಕತ್ತರಿಸುತ್ತ, "ನಿಯತ್ ಇಲ್ಲದ ಮಂದಿ ನೋಡ್ರಿ ಇವ್ರು! ನಿನ್ನಿ ಅವರ ಉಪ್ಪು, ಇವತ್ತ ಇವರ ಉಪ್ಪು" ಅಂದರು.

ಅಷ್ಟರಲ್ಲಿ ಕರೆಂಟು ಹೋಯಿತು. ಅಳಿಯ ಎದ್ದು ಕಿಟಕಿ ತೆರೆದ. ವೈಜಿನಾಥರಾಯರು ಆ ಮಾತನ್ನು ಅಲ್ಲಿಗೇ ಮರೆತರು. ನನ್ನ ಕಿವಿಯಲ್ಲಿ ಮಾತ್ರ ಅದು ಕೂತುಬಿಟ್ಟಿತು. ಯಾಕೆಂದರೆ ಇದೇ ಬೀದರಿನಲ್ಲಿ, ಕೋಟೆಯ ಹೊರಗಿನ ಬಯಲಿನಲ್ಲಿ, ಒಂದು ಸಲ ಇಡೀ ಭಾಲ್ಕಿಯ ಮಂದಿ ನನ್ನನ್ನು ನಿಯತ್ತಿಲ್ಲದವನೆಂದು ಕೂಗಿ ಕರೆದಿದ್ದಾರೆ. ಆಗ ನನಗೆ ಮೀಸೆ ದಪ್ಪ ಇತ್ತು, ಹೊಟ್ಟೆ ಇರಲಿಲ್ಲ. ಈಗ ಎರಡೂ ಅದಲುಬದಲಾಗಿವೆ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ. ಕರೆಂಟು ಬರುವುದು ಹೇಗೂ ತಡ.

ನಾನು ಭಾಲ್ಕಿಯವನು. ನಮ್ಮದು ಕುರಿ ಕಾಯುವ ಮನೆತನ. ಹುಟ್ಟಿದ್ದು ನಿಜಾಮರ ಮುಲ್ಕಿನಲ್ಲಿ, ಶಾಲೆ ಕಲಿತದ್ದು ಉರ್ದುವಿನಲ್ಲಿ. ಕನ್ನಡ ನನಗೆ ಬಂದದ್ದು ನಮ್ಮ ಮುತ್ತ್ಯಾನಿಂದ, ಅಂದರೆ ಅಪ್ಪನ ಅಪ್ಪನಿಂದ. ಅವನು ದೊಡ್ಡಿಯ ಮುಂದಿನ ಧೂಳಿನಲ್ಲಿ ಕೈಯ ಬಡಿಗೆಯಿಂದಲೇ ಅಕ್ಷರ ಬರೆದು ನನ್ನಿಂದ ಓದಿಸುತ್ತಿದ್ದ. ಓದಿ ಮುಗಿಸುವುದರೊಳಗೆ ಕುರಿಗಳು ಅದರ ಮೇಲೆ ನಡೆದುಹೋಗುತ್ತಿದ್ದವು. ಹಾಗಾಗಿ ನನ್ನ ಕಾಗುಣಿತವನ್ನು ತಿದ್ದಿದವನು ಮುತ್ತ್ಯಾ, ಅಳಿಸಿದವು ಕುರಿಗಳು. ಇವತ್ತಿಗೂ ಎಲ್ಲಾದರೂ ಒತ್ತಕ್ಷರ ತಪ್ಪಿದರೆ ನಾನು ತಪ್ಪನ್ನು ಕುರಿಗಳ ಮೇಲೆಯೇ ಹಾಕುತ್ತೇನೆ.

ಆಗ ಭಾಲ್ಕಿಯಲ್ಲಿ ಒಂದು ತಾಲೀಮು ಇತ್ತು. ಕುಸ್ತಿ ಕಲಿಸುವ ಜಾಗ. ಕಲಿಸುವವರು ಮೌಲಾಸಾಬ್ ಉಸ್ತಾದರು. ಗಿಡ್ಡ ಆಳು, ಮುರಿದ ಕಿವಿ, ಮೆಲುಮಾತು. ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ನಿನ ಸುತ್ತಿನ ದಿನಗಳಲ್ಲಿ ನಮ್ಮ ಕಡೆ ಏನೇನು ನಡೆಯಿತೆಂಬುದನ್ನು ಬಲ್ಲವರು ಬಲ್ಲರು. ಮೊದಲು ಒಂದು ಕಡೆಯವರು ಹೆದರಿ ಬಾಗಿಲು ಹಾಕಿಕೊಂಡರು, ಆಮೇಲೆ ಇನ್ನೊಂದು ಕಡೆಯವರು. ಉಸ್ತಾದರು ತಾಲೀಮಿಗೆ ಬೀಗ ಹಾಕಿ ಮನೆಯಲ್ಲಿ ಕೂತುಬಿಟ್ಟರು. ಕುಸ್ತಿಯ ಮಣ್ಣಿನಲ್ಲಿ ಹುಲ್ಲು ಬೆಳೆಯಿತು. ಒಂದು ಬೆಳಿಗ್ಗೆ ನಮ್ಮಪ್ಪ ನನ್ನನ್ನೂ ನನ್ನ ಗೆಳೆಯ ಶಿವರಾಯನನ್ನೂ ಕರೆದುಕೊಂಡು ಅವರ ಮನೆಗೆ ಹೋಗಿ, "ಉಸ್ತಾದ್, ಹುಡುಗರು ಬೊಜ್ಜು ಬರಿಸ್ಕೊಳ್ಳಾಕತ್ತ್ಯಾರ. ಬೀಗದ ಕೈ ಕೊಡ್ರಿ" ಅಂದ. ಉಸ್ತಾದರು ಬೀಗದ ಕೈ ಕೊಡಲಿಲ್ಲ. ತಾವೇ ಎದ್ದು ಬಂದರು. ನಾವಿಬ್ಬರೂ ಹುಲ್ಲು ಕಿತ್ತೆವು.

ಕುಸ್ತಿಯಲ್ಲಿ ನಾನು ದಡ್ಡ. ಬೆನ್ನು ಮಣ್ಣಿಗೆ ತಾಗಿಸುವುದರಲ್ಲಿ ನನ್ನಷ್ಟು ಚುರುಕು ಯಾರೂ ಇರಲಿಲ್ಲ, ಆದರೆ ತಾಗುತ್ತಿದ್ದುದು ನನ್ನದೇ ಬೆನ್ನು. ಉಸ್ತಾದರು ನನ್ನ ಕಾಲು ನೋಡಿ, "ನೀ ಹಿಡಿಯೋ ಆಳಲ್ಲ, ಓಡೋ ಆಳು" ಅಂದರು. ಆಗ ಜಿಲ್ಲೆಯ ಊರುಗಳ ನಡುವೆ ವರ್ಷಕ್ಕೊಮ್ಮೆ ಬೀದರಿನಲ್ಲಿ ಕೋಲಿನ ಓಟ ನಡೆಯುತ್ತಿತ್ತು. ಊರಿಗೆ ನಾಲ್ವರು, ಒಬ್ಬ ಓಡಿ ಬಂದು ಇನ್ನೊಬ್ಬನ ಕೈಗೆ ಕೋಲು ಕೊಡಬೇಕು. ಗೆದ್ದ ಊರಿಗೆ ಒಂದು ದೊಡ್ಡ ತಾಮ್ರದ ಹಂಡೆ, ಮುಂದಿನ ವರ್ಷದವರೆಗೆ. ಅದು ಮೇಲಿಂದ ಮೇಲೆ ನಮ್ಮ ಭಾಲ್ಕಿಗೇ ಬರುತ್ತಿತ್ತು. ತಾಲೀಮಿನ ಹಿಂದೆ ಒಲೆ ಹೂಡಿ ಅದರಲ್ಲಿ ನೀರು ಕಾಯಿಸಿ ಇಡೀ ಓಣಿಯ ಗಂಡಸರು ಮೀಯುತ್ತಿದ್ದರು. ಹಂಡೆ ನಮ್ಮ ಹಕ್ಕೇನೋ ಅನ್ನುವ ಹಾಗೆ ಹೊಗೆ ಹತ್ತಿಸಿ ಕಪ್ಪು ಮಾಡಿಟ್ಟಿದ್ದೆವು.

ಮೂರನೆಯವನಾಗಿ ಓಡುವವನು ನಾನು. ನನ್ನಿಂದ ಕೋಲು ಪಡೆದು ಕೊನೆಗೆ ಓಡುವವನು ಶಿವರಾಯ. ಕೋಲು ಪಡೆಯುವವನು ಹಿಂತಿರುಗಿ ನೋಡಬಾರದು ಎಂಬುದು ಉಸ್ತಾದರ ಕಟ್ಟಪ್ಪಣೆ. "ತಿರುಗಿದ ಕುತ್ತಿಗಿ ಎರಡು ಹೆಜ್ಜಿ ತಿಂತದ" ಅನ್ನುತ್ತಿದ್ದರು. ಹಾಗಾದರೆ ಅವನಿಗೆ ಹೊರಡುವ ಹೊತ್ತು ತಿಳಿಯುವುದು ಹೇಗೆ? ನಾನು ಕೂಗುತ್ತಿದ್ದೆ. ನಮ್ಮಪ್ಪ ಕುರಿಗಳನ್ನು ಎಬ್ಬಿಸುವ ಕೂಗು ಅದು, ನಾಲಿಗೆ ಹೊರಳಿಸಿ ಗಂಟಲಿನಿಂದ ಎಳೆಯುವಂಥದ್ದು. ಕುರಿ ಕಾದವರಿಗೆ ಗೊತ್ತು: ಅದೇ ಕೂಗನ್ನು ಬೇರೆಯವನು ಎಷ್ಟು ಚೆನ್ನಾಗಿ ಕೂಗಿದರೂ ನಮ್ಮ ಕುರಿ ಏಳುವುದಿಲ್ಲ. ಅದು ಕೇಳುವುದು ದನಿಯನ್ನು. ಶಿವರಾಯನೂ ಹಾಗೇ ಪಳಗಿದ. ನಾನು ಕೂಗಿದೆನೋ, ಅವನು ಮುಂದೆ ನೋಡುತ್ತ ಚಿಮ್ಮುತ್ತಿದ್ದ, ಬಲಗೈ ತಾನಾಗಿ ಹಿಂದೆ ಚಾಚುತ್ತಿತ್ತು. ತಾಲೀಮಿನ ಹುಡುಗರು ಅವನನ್ನು "ಏ, ಇವನ ಟಗರೇ!" ಎಂದು ಕಾಡುತ್ತಿದ್ದರು. ಅವನು, "ಟಗರು ಅಂದ್ರ ಟಗರು. ಹಾಯ್ದ್ರ ಗೊತ್ತಾಗ್ತದ" ಅನ್ನುತ್ತಿದ್ದ.

ಹೀಗಿರುವಾಗ ಹೈದರಾಬಾದ್ ರಾಜ್ಯದಲ್ಲಿ ಹೊಸ ಸರ್ಕಾರ ಊರೂರಿಗೆ ಕನ್ನಡ ಶಾಲೆ ತೆರೆಯತೊಡಗಿತು. ಶಾಲೆ ಇತ್ತು, ಮಕ್ಕಳಿದ್ದರು, ಕನ್ನಡ ಓದಿ ಬರೆಯಬಲ್ಲ ಮಾಸ್ತರರು ಇರಲಿಲ್ಲ. ನನ್ನ ಧೂಳಿನ ಅಕ್ಷರಕ್ಕೆ ಏಕಾಏಕಿ ಬೆಲೆ ಬಂತು. ನನ್ನನ್ನು ಔರಾದಿಗೆ ಮಾಸ್ತರನನ್ನಾಗಿ ಕಳಿಸಿದರು. ಭಾಲ್ಕಿಗೆ ರೈಲಿದೆ, ಔರಾದಿಗಿಲ್ಲ. ಕಮಲನಗರದಲ್ಲಿ ರೈಲಿನಿಂದಿಳಿದು ಗಾಡಿ ಹತ್ತಿ ಹೋಗುವಾಗ, ನಾನೇನೋ ಸಮುದ್ರ ದಾಟುತ್ತಿದ್ದೇನೆ ಅನ್ನುವಷ್ಟು ದುಃಖವಾಗಿತ್ತು.

ಔರಾದಿನಲ್ಲಿ ನನಗೆ ಮೊದಲು ಸಿಕ್ಕ ಗೆಳೆಯ ಮಾಣಿಕಪ್ಪ. ಧಾನ್ಯದ ಅಡತಿಯಲ್ಲಿ ಚೀಲ ಹೊರುವವನು. ನಾನು ಬೆಳಗಾಗುವ ಮುಂಚೆ ಊರ ಹೊರಗೆ ಓಡುತ್ತಿದ್ದುದನ್ನು ಕಂಡು, "ಮಾಸ್ತರ್ರ, ಯಾರರೆ ಬೆನ್ನ ಹತ್ತ್ಯಾರೇನ್ರಿ?" ಎಂದು ಕೇಳಿದ. ಮರುದಿನ ಅವನೂ ಓಡಿದ. ಆಮೇಲೆ ಅವನ ಇಬ್ಬರು ಜೊತೆಗಾರರೂ ಸೇರಿದರು. ಔರಾದಿಗೂ ಒಂದು ತಂಡ ಇತ್ತು. ಇತ್ತು ಅಂದರೆ ಪ್ರತಿವರ್ಷ ಬೀದರಿಗೆ ಹೋಗಿ, ಸೋತು, ಚೌಬಾರಾ ಗೋಪುರದ ಹತ್ತಿರ ಮಿಠಾಯಿ ತಿಂದು ಬರುತ್ತಿತ್ತು. ಅವರ ಮೂರನೆಯ ಓಟಗಾರ ಆ ವರ್ಷ ದುಡಿಯಲು ಬೇರೆಡೆ ಹೋಗಿದ್ದ.

ಓಟದ ಕಾಲ ಹತ್ತಿರ ಬಂದಾಗ ಶಿವರಾಯ ಭಾಲ್ಕಿಯಿಂದ ಸೈಕಲ್ ತುಳಿದುಕೊಂಡು ಬಂದ. ಬೆವರು ಒರೆಸುವ ಮೊದಲೇ ಶುರು ಮಾಡಿದ.

"ಎಂದ ಬರ್ತಿ?"

"ಎಲ್ಲಿಗಿ?"

"ಎಲ್ಲಿಗಿ ಅಂದ್ರ? ಊರಿಗಿ! ಓಟ ಅದ. ನಿನ್ನ ಬಿಟ್ಟು ನಾ ಯಾರ ಕೂಗಿಗಿ ಓಡಲಿ?"

ನಾನು ಯೋಚಿಸಿ ಹೇಳುತ್ತೇನೆ ಅಂದೆ. ಅದೇ ಅವನಿಗೆ ಮೆಣಸಿನಕಾಯಿ ಹಚ್ಚಿದಂತಾಯಿತು. "ಇದ್ರಾಗ ಯೋಚನಿ ಮಾಡೋದ ಏನದಲೇ? ನಮ್ಮವ್ವನ ಕೈಯ ರೊಟ್ಟಿ ತಿಂದು ಬೆಳದಾಂವ ನೀ. ಔರಾದಕ್ಕ ಓಡಿದಿ ಅಂದ್ರ ನಮ್ಮ ಓಣಿಗಿ ಕಾಲಿಡಬ್ಯಾಡ. ನಾನೂ ನಿನ್ನ ಮಾತಾಡಸಂಗಿಲ್ಲ." ಹೀಗಂದು, ಊಟಕ್ಕೂ ನಿಲ್ಲದೆ ಸೈಕಲ್ ತಿರುಗಿಸಿದ. ಶಿವರಾಯ ಸುಮ್ಮನೆ ಹೆದರಿಸುವ ಜಾತಿಯಲ್ಲ. ಅವನ ಮಾತಿನ ತೂಕ ನನಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ನನಗಿದ್ದ ಗೆಳೆಯ ಅವನೊಬ್ಬನೇ.

ಔರಾದಿನವರು ನನ್ನನ್ನು ಏನೂ ಕೇಳಿರಲಿಲ್ಲ. ಅದೇ ತೊಂದರೆ. ಕೇಳಿದ್ದರೆ ಇಲ್ಲ ಅನ್ನಬಹುದಿತ್ತು. ಶಿವರಾಯ ಬಂದುಹೋದ ಮರುದಿನ ನನಗೆ ಜ್ವರ. ಎರಡು ದಿನ ಓಟಕ್ಕೆ ಹೋಗಲಿಲ್ಲ. ಮೂರನೆಯ ದಿನ ಸುಮ್ಮನೆ ನೋಡಲೆಂದು ಹೋದೆ. ಅವರು ಕೋಲಿನ ಓಟದ ಅಭ್ಯಾಸ ನಡೆಸಿದ್ದರು. ಮೂರನೆಯವನು ನಿಲ್ಲಬೇಕಾದಲ್ಲಿ ಒಂದು ಕರಿಕಲ್ಲು ಇಟ್ಟಿದ್ದರು. ಎರಡನೆಯವನು ಓಡಿ ಬಂದು ಕೋಲನ್ನು ಆ ಕಲ್ಲಿನ ಮೇಲೆ ಇಟ್ಟು, ಅದರ ಮುಂದೆ ಏದುಸಿರು ಬಿಡುತ್ತ ನಿಲ್ಲುತ್ತಿದ್ದ. ಕಲ್ಲು ಓಡುವಷ್ಟು ಹೊತ್ತು ಕಾಯ್ದು, ಮಾಣಿಕಪ್ಪ ಬಂದು ಕಲ್ಲಿನ ಮೇಲಿನ ಕೋಲು ಎತ್ತಿಕೊಂಡು ಓಡುತ್ತಿದ್ದ. ಬೇರೆ ಆಳನ್ನು ಹುಡುಕುವ ಯೋಚನೆಯೇ ಅವರಿಗೆ ಬಂದಿರಲಿಲ್ಲ.

"ಇದೇನ್ರೋ?" ಅಂದೆ.

"ನಿಮ್ಮ ಜಾಗಾರಿ ಮಾಸ್ತರ್ರ" ಅಂದ ಮಾಣಿಕಪ್ಪ. "ನೀವು ಯಾ ಊರಿಗಿ ಓಡ್ತೀರೋ ಅದು ನಿಮಗ ಬಿಟ್ಟದ್ದು. ಅಲ್ಲೀತನಾ ಕಲ್ಲ ಓಡ್ತದ. ಏನಾರ ಅನ್ರಿ, ಭಾಳ ನಿಧಾನ ಓಡ್ತದರಿ."

ನಾನು ಔರಾದಿಗೆ ಓಡಬೇಕೆಂದು ನಿರ್ಧರಿಸಿದ್ದು ಅಲ್ಲೇ. ಇದರಲ್ಲಿ ತತ್ವವೇನೂ ಇಲ್ಲ. ಬೆಳಗಿನ ಚಳಿಯಲ್ಲಿ ನನ್ನ ಜೊತೆ ಓಡುತ್ತಿದ್ದ ಕಾಲುಗಳು ಇವರವು. ಬೀದರಿನ ಬಯಲಿಗೆ ಬಂದಾಗ ಮಾತ್ರ ಆ ಕಾಲುಗಳನ್ನು ಸೋಲಿಸುತ್ತೇನೆ ಅನ್ನುವುದು ನನಗೆ ಸರಿ ಕಾಣಲಿಲ್ಲ, ಅಷ್ಟೇ.

ಆದರೂ ಹಿರಿಯರಿಗೆ ಹೇಳದೆ ಮಾಡುವ ಕೆಲಸವಲ್ಲ. ಭಾಲ್ಕಿಗೆ ಹೋದೆ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಜೋಳ ಹಸನು ಮಾಡುತ್ತಿದ್ದಳು. ಓಣಿಯ ಹೆಂಗಸರು ಆಗಲೇ ಅವಳ ಕಿವಿಗೆ ಸುದ್ದಿ ಹಾಕಿದ್ದರು. ನಾನು ಬಾಯಿ ತೆರೆಯುವ ಮುಂಚೆ ಅವಳೇ ಅಂದಳು: "ನಾ ಮೆಹಕರದಾಕಿ. ನಿಮ್ಮ ಮುತ್ತ್ಯಾ ನನ್ನ ಗಾಡ್ಯಾಗ ಕೂಡಿಸ್ಕೊಂಡು ಬಂದಾಗ ಈ ಓಣ್ಯಾಗ ಯಾರರೆ ಕೇಳಿದರೇನು, 'ಏ ಹುಡುಗಿ, ಮೆಹಕರದ ನಿಯತ್ತ ಎಲ್ಲಿಟ್ಟು ಬಂದಿ' ಅಂತ? ಕೇಳಲಿಲ್ಲ. 'ನೀರು ತಾ' ಅಂದ್ರು. ತಂದೆ. ಹೆಣ್ಣಮಕ್ಕಳು ಎಲ್ಲಾರೂ ಮಾಡೋದು ನೀ ಒಬ್ಬ ಗಂಡಸು ಮಾಡಿದ್ರ ಊರ ಬೀಳ್ತದೇನು?" ಅಷ್ಟು ಹೇಳಿ ಮೊರ ತಟ್ಟಿದಳು. ನನ್ನ ಆಯಿಯ ಎದುರು ವಕೀಲರು ನಿಲ್ಲುತ್ತಿರಲಿಲ್ಲ.

ಉಸ್ತಾದರು ಇನ್ನೂ ಕಡಿಮೆ ಮಾತಾಡಿದರು. "ಯಾ ಊರ ನೀರ ಕುಡೀತಿ, ಆ ಊರ ಮಣ್ಣಾಗ ಬೆವರ ಸುರಸು" ಅಂದು, ತಾಲೀಮಿನ ಕೆಂಪು ಮಣ್ಣನ್ನು ಒಂದು ಹಿಡಿ ನನ್ನ ಟವೆಲ್ಲಿನ ಚುಂಗಿನಲ್ಲಿ ಕಟ್ಟಿದರು. ಪೈಲವಾನರು ಬೇರೆ ತಾಲೀಮಿಗೆ ಹೋಗುವಾಗ ಹಳೆಯ ಮಣ್ಣು ಒಯ್ದು ಹೊಸದರಲ್ಲಿ ಬೆರೆಸಬೇಕು. ಅದು ಉಸ್ತಾದರ ಒಪ್ಪಿಗೆ ಸಿಕ್ಕ ಗುರುತು. ಶಿವರಾಯ ಅಲ್ಲೇ ಮೂಲೆಯಲ್ಲಿ ದಂಡ ಹೊಡೆಯುತ್ತಿದ್ದ. ತಲೆ ಎತ್ತಲಿಲ್ಲ.

ಓಟದ ದಿನ ಬಂತು. ಕೋಟೆಯ ಹೊರಗಿನ ಬಯಲಿನಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಪ್ರತಿಯೊಬ್ಬ ಓಟಗಾರನ ಮುಂದೆಯೂ ಒಂದು ಗೆರೆ. ಕೋಲು ಕೈಗೆ ಬರುವ ಮುಂಚೆ ಅದನ್ನು ದಾಟಿದರೆ ಆ ಊರು ಹೊರಗೆ. ಪಂಚರಾಗಿ ಬಂದವರು ಒಬ್ಬ ಹಿರಿಯ ಹೆಡ್‌ಮಾಸ್ತರರು. ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಒಂದು ಮೇಜಿನ ಮೇಲೆ ಇಟ್ಟಿದ್ದರು. ನಾನು ಔರಾದಿನವರ ಹಳದಿ ಪಟ್ಟಿ ಹಣೆಗೆ ಕಟ್ಟಿಕೊಂಡು ಬಯಲಿಗೆ ಇಳಿದಾಗ ಭಾಲ್ಕಿಯವರ ಗುಂಪಿನಿಂದ "ನಿಯತ್ತಿಲ್ಲದಾಂವ!" ಎಂಬ ಕೂಗು ಎದ್ದಿತು. ಒಬ್ಬನಂತೂ, "ಮಾಸ್ತರ್ರ, ನಾಳಿ ಉಸ್ಮಾನಾಬಾದಕ್ಕ ಬದಲಿ ಆದ್ರ ಅಲ್ಲಿ ಪಟ್ಟಿ ಯಾ ಬಣ್ಣದ್ದರಿ?" ಎಂದ. ನಾನು, "ಅಲ್ಲಿನವರು ಕೊಟ್ಟ ಬಣ್ಣದ್ದು" ಅಂದೆ. ನನಗೆ ನಾಚಿಕೆಯಾಗಲಿಲ್ಲ. ನಮ್ಮ ನೆತ್ತಿಯ ಮೇಲಿನ ಬಾವುಟವೇ ಬದಲಾಗಿ ಎಷ್ಟು ಕಾಲವಾಗಿತ್ತು? ಆಗ ಯಾರು ಯಾರನ್ನು ಕೇಳಿದ್ದರು?

ಓಟ ಶುರುವಾಯಿತು. ನನ್ನ ಕೈಗೆ ಕೋಲು ಬಂದಾಗ ನಾವು ಎಲ್ಲರಿಗಿಂತ ಮುಂದೆ. ನನ್ನ ಹಿಂದೆಯೇ ಭಾಲ್ಕಿಯ ಹೊಸ ಹುಡುಗ. ನಾನು ಓಡಿದೆ. ಎದುರಿಗೆ ಅಕ್ಕಪಕ್ಕದಲ್ಲಿ ಎರಡು ಬೆನ್ನು ಕಾಣಿಸಿದವು: ನಮ್ಮ ಮಾಣಿಕಪ್ಪನದು, ಭಾಲ್ಕಿಯ ಶಿವರಾಯನದು. ಮಾಣಿಕಪ್ಪನಿಗೂ ನಾನು ಅದೇ ಕೂಗನ್ನು ಕಲಿಸಿದ್ದೆ. ನನಗೆ ಬೇರೆ ಕೂಗು ಬರುವುದಾದರೂ ಎಲ್ಲಿ? ಇದರಿಂದ ಏನಾದೀತು ಎಂದು ಯಾರ ತಲೆಗೂ ಹೊಳೆದಿರಲಿಲ್ಲ. ನನಗೂ ಇಲ್ಲ, ಉಸ್ತಾದರಿಗೂ ಇಲ್ಲ.

ನಾನು ಕೂಗಿದೆ. ಎರಡೂ ಬೆನ್ನು ಒಟ್ಟಿಗೆ ಚಿಮ್ಮಿದವು.

ಮಾಣಿಕಪ್ಪನ ಕೈಗೆ ನಾನು ಕೋಲು ಇಟ್ಟೆ. ಅವನ ಪಕ್ಕದಲ್ಲಿ ಶಿವರಾಯ, ಮುಂದೆ ನೋಡುತ್ತ, ಬಲಗೈ ಹಿಂದೆ ಚಾಚಿ, ಬೆರಳು ಅಗಲಿಸಿ, ಖಾಲಿ ಕೈಯಲ್ಲಿ ಓಡುತ್ತಿದ್ದ. ಅವನ ಊರಿನ ಹುಡುಗ ಕೋಲು ಹಿಡಿದು ಇನ್ನೂ ಹಿಂದೆ, "ಅಣ್ಣಾ ನಿಂದ್ರೋ! ನಿಂದ್ರೋ!" ಎಂದು ಒದರುತ್ತ ಬರುತ್ತಿದ್ದ. ಶಿವರಾಯನಿಗೆ ತಿಳಿಯುವುದರೊಳಗೆ ಸುಣ್ಣದ ಗೆರೆ ಹಿಂದೆ ಉಳಿದಿತ್ತು. ಭಾಲ್ಕಿ ಹೊರಗೆ. ಮಾಣಿಕಪ್ಪ ಗೆದ್ದು ಹಂಡೆಯ ಹತ್ತಿರ ಹೋಗಿ ಕುಣಿಯತೊಡಗಿದ.

ಆಮೇಲಿನ ಗದ್ದಲವನ್ನು ಕೇಳಬೇಡಿ. ಮೋಸ ಅಂದರು, ಮಾಟ ಅಂದರು, ಮಾಸ್ತರ ಬೇಕಂತಲೇ ಅವನನ್ನು ಕೂಗಿ ಹಾಳು ಮಾಡಿದ ಅಂದರು. ಒಂದಿಬ್ಬರು ಬಡಿಗೆಯನ್ನೂ ಹುಡುಕಿದರು. ಹೆಡ್‌ಮಾಸ್ತರರು ಎಲ್ಲರನ್ನೂ ಸುಮ್ಮನಿರಿಸಿ ಶಿವರಾಯನನ್ನು ಕರೆದರು. "ಇಂವ ನಿನ್ನ ಕರದನೇನು?"

ಅವನು ಒಂದು ಮಾತು ಹೌದು ಅಂದಿದ್ದರೆ ಅಲ್ಲಿಗೆ ನಾನು ಎರಡೂ ಊರಿಗೆ ಬೇಡದವನಾಗುತ್ತಿದ್ದೆ.

ಶಿವರಾಯ ನನ್ನ ಕಡೆ ನೋಡದೆ ಹೇಳಿದ: "ನನ್ನ ಕರೀಲಿಲ್ಲರಿ. ತನ್ನ ಆಳಿಗಿ ಕರದಾ. ನನ್ನ ಕಾಲ ತಾವ ಹೋದವು."

ಬಡಿಗೆ ಹುಡುಕುತ್ತಿದ್ದವರು ಹಿಂದೆ ಸರಿದರು. ಹೆಡ್‌ಮಾಸ್ತರರು ಹಂಡೆ ಔರಾದಿಗೆ ಎಂದು ಹೇಳಲು ಬಾಯಿ ತೆರೆದರು. ಆಗ ಮಾಣಿಕಪ್ಪ ಅಡ್ಡ ಬಂದ. "ಸರ, ತಡೀರಿ. ಇದನ್ನ ಒಯ್ದಿವಿ ಅಂದ್ರ ಮಂದಿ ಏನಂತಾರ? ಔರಾದದವರು ಹಂಡಿ ಕೂಗಿ ತಂದ್ರು ಅಂತಾರ. ನಮಗ ಓಡಿ ತರೋದು ಅದ. ಇನ್ನೊಮ್ಮಿ ಬಿಡ್ರಿ. ಈ ಸಲ ಕಡೀಗಿ ಮಾಸ್ತರ್ರು ಓಡ್ತಾರ. ಅವರ ಮುಂದ ಯಾರೂ ಇರಂಗಿಲ್ಲ, ಕೂಗೋ ಕೆಲಸಾ ಇಲ್ಲ." ಅವನ ಜೊತೆಗಾರರು ಅವನನ್ನು ತಿಂದುಬಿಡುವಂತೆ ನೋಡಿದರು. ನಾನು ಮಾತ್ರ ಹಣೆಯ ಪಟ್ಟಿ ಬಿಗಿ ಮಾಡಿಕೊಂಡೆ.

ಬಿಸಿಲು ಇಳಿದ ಮೇಲೆ ಮತ್ತೆ ಓಡಿದೆವು. ಕೊನೆಯ ಸುತ್ತಿನಲ್ಲಿ ನನಗೂ ಶಿವರಾಯನಿಗೂ ಕೋಲು ಬಂದದ್ದು ಒಂದೇ ಉಸಿರಿನಲ್ಲಿ. ನೋಡಿ, ಅಷ್ಟು ವರ್ಷ ಅವನ ಜೊತೆ ಓಡಿದವನು ನಾನು, ಆದರೆ ಓಡುವಾಗ ಅವನ ಮುಖ ಹೇಗಿರುತ್ತದೆಂದು ಒಮ್ಮೆಯೂ ಕಂಡಿರಲಿಲ್ಲ; ಕಂಡಿದ್ದೆಲ್ಲ ಬೆನ್ನು. ಅವತ್ತು ಪಕ್ಕದಲ್ಲಿ ಓಡುತ್ತ ನೋಡಿದೆ. ಕಣ್ಣು ಅರ್ಧ ಮುಚ್ಚಿ, ತುಟಿ ಕಚ್ಚಿ, ಅಳುವ ಮಗುವಿನ ಹಾಗೆ ಮುಖ ಮಾಡಿಕೊಂಡು ಓಡುತ್ತಿದ್ದ. ಇಂಥ ಮುಖದವನಿಗೆ ಇಷ್ಟು ದಿನ ನಾನು ಬೆನ್ನ ಹಿಂದಿನಿಂದ ಕೂಗುತ್ತಿದ್ದೆನೇ ಅನ್ನಿಸಿತು. ಹಾಗೆಂದು ನನ್ನ ಕಾಲು ಸಡಿಲಾಗಲಿಲ್ಲ. ಇದ್ದಬದ್ದ ಉಸಿರನ್ನೆಲ್ಲ ಹಾಕಿ ಓಡಿದೆ. ಅವನು ಎದೆಯಷ್ಟು ಮುಂದೆ ಹಗ್ಗ ಮುಟ್ಟಿದ.

ಹಂಡೆ ಭಾಲ್ಕಿಗೆ ಹೋಯಿತು. ಶಿವರಾಯ ಅದರ ಒಂದು ಕಿವಿ ಹಿಡಿದು ಎತ್ತಿಕೊಂಡು ನನ್ನ ಎದುರಿನಿಂದಲೇ ದಾಟಿದ. ಮಾತಾಡಲಿಲ್ಲ. ಹೇಳಿದ ಮಾತಿಗೆ ತಪ್ಪುವವನಲ್ಲ ಅವನು.

ಔರಾದಿಗೆ ಗಾಡಿಯಲ್ಲಿ ಮರಳುವಾಗ ನನ್ನ ಜೊತೆಗಾರರು ದಾರಿಯುದ್ದಕ್ಕೂ ನನ್ನನ್ನು ಬೈದರು. "ಅವನ ಮಾರಿ ಏನ ನೋಡತಿದ್ದೋ ಮಾಸ್ತರ, ಮದವಿ ಹೆಣ್ಣ ನೋಡಿದಂಗ! ಮುಂದ ನೋಡಿದ್ದರ ಹಂಡಿ ನಮ್ಮದಿತ್ತು!" ಅಲ್ಲಿಯವರೆಗೆ ಆ ಊರಿನಲ್ಲಿ ನನ್ನನ್ನು ಯಾರೂ ಬೈದಿರಲಿಲ್ಲ. ಹೊರಗಿನಿಂದ ಬಂದ ಮಾಸ್ತರನಿಗೆ ಚಹಾ ಕೊಡುತ್ತಾರೆ, ಕುರ್ಚಿ ಕೊಡುತ್ತಾರೆ. ಬೈಗುಳ ಸಿಗುವುದು ಮನೆಯವನಿಗೆ. ನಾನು ಹೊಟ್ಟೆ ತುಂಬ ಬೈಸಿಕೊಂಡು ಚೀಲಗಳ ಮೇಲೆ ನಿದ್ದೆ ಹೋದೆ.

ಆಮೇಲೆ ಔರಾದು ಗೆದ್ದ ವರ್ಷಗಳೂ ಇದ್ದವು, ಸೋತವೂ ಇದ್ದವು. ನಾನು ಕೊನೆಯ ಓಟಗಾರನಾಗಿಯೇ ಉಳಿದೆ. ಭಾಲ್ಕಿಗೆ ಹೋದಾಗ ಶಿವರಾಯನ ಓಣಿಯನ್ನು ಬಿಟ್ಟು ಸುತ್ತುಬಳಸಿ ನಮ್ಮ ಮನೆಗೆ ಹೋಗುತ್ತಿದ್ದೆ. ಅವನ ಅವ್ವ ತೀರಿಕೊಂಡಾಗ ಹೋದೆ. ಜನರ ನಡುವೆ ನಿಂತೆ. ಅವನು ನನ್ನ ಕೈ ಹಿಡಿದ, ಬಿಟ್ಟ, ಮಾತಾಡಲಿಲ್ಲ. ಆಮೇಲೆ ಅವನಿಗೆ ಉದಗೀರಿನ ಹತ್ತಿಗಿರಣಿಯಲ್ಲಿ ಕೆಲಸ ಸಿಕ್ಕಿತೆಂದೂ, ಅಲ್ಲಿಯದೇ ಹುಡುಗಿಯನ್ನು ಮದುವೆಯಾದನೆಂದೂ ಕೇಳಿದೆ. ಉದಗೀರು ಆಗ ನಮ್ಮ ಬೀದರ ಜಿಲ್ಲೆಯದೇ. ಸ್ವಲ್ಪ ದಿನಕ್ಕೆ ರಾಜ್ಯಗಳನ್ನು ಹೊಸದಾಗಿ ಹಂಚಿದರು. ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ಬೀದರು, ಭಾಲ್ಕಿ, ಔರಾದು ಮೈಸೂರಿಗೆ ಬಂದವು, ಉದಗೀರು ಮುಂಬೈ ಕಡೆ ಹೋಯಿತು. ಶಿವರಾಯ ಹೋದದ್ದು ಪಕ್ಕದ ಊರಿಗೆ. ಇದ್ದಲ್ಲಿಯೇ ಪಕ್ಕದ ರಾಜ್ಯದವನಾದ.

ಒಂದು ದಿನ ಕಮಲನಗರದ ಸಂತೆಗೆ ಬಂದಿದ್ದ ಹತ್ತಿ ಗಾಡಿಯವನೊಬ್ಬ ಔರಾದಿನ ನಮ್ಮ ಶಾಲೆಯ ಬಾಗಿಲವರೆಗೂ ಬಂದು, "ಉದಗೀರದ ಶಿವರಾಯ ಹೇಳ್ಯಾನ್ರಿ. ಐತವಾರ ಅಲ್ಲಿ ಓಟ ಅದ, ಭಾಲ್ಕಿಯವರು ಬರ್ತಾರ. ಆಂವ ಉದಗೀರಕ್ಕ ಓಡ್ತಾನ. ನಿಮಗ ಬಾ ಅಂದಾನ" ಅಂದ.

ನಾನು ಕಮಲನಗರದಲ್ಲಿ ರೈಲು ಹತ್ತಿ ಹೋದೆ. ಭಾಲ್ಕಿಯವರು ಒಂದು ಕಡೆ ನಿಂತು ಅವನನ್ನು ಏನೇನು ಕೂಗಬೇಕೋ ಅದನ್ನೆಲ್ಲ ಕೂಗುತ್ತಿದ್ದರು. ನಾನು ಉದಗೀರಿನವರ ನಡುವೆ ಜಾಗ ಮಾಡಿಕೊಂಡು, ಗಂಟಲು ಹರಿಯುವ ಹಾಗೆ "ಉದಗೀರ! ಉದಗೀರ!" ಎಂದೆ. ಪಕ್ಕದವನು ಮರಾಠಿಯಲ್ಲಿ ನನ್ನದು ಯಾವ ಊರೆಂದು ಕೇಳಿದ. ಔರಾದು ಅಂದೆ. ಅವನಿಗೆ ಏನೂ ಅರ್ಥವಾಗಲಿಲ್ಲ. ಆದರೂ ನನ್ನ ಜೊತೆ ಸೇರಿ ಕೂಗಿದ.

ಶಿವರಾಯ ಮೂರನೆಯ ಸ್ಥಾನದಲ್ಲಿ ಓಟ ಮುಗಿಸಿದ. ಟವೆಲ್ಲು ಕುತ್ತಿಗೆಗೆ ಹಾಕಿಕೊಂಡು ನೇರ ನನ್ನ ಹತ್ತಿರ ಬಂದು ನಿಂತ.

"ಬಂದಿ?"

"ಬಂದೆ."

"ಮನಿ ಇಲ್ಲೇ ಅದ" ಅಂದ. "ಆಕಿ ರೊಟ್ಟಿ ಮಾಡ್ಯಾಳ. ನಡಿ."